ವಿದ್ಯಾರ್ಥಿ ಪತ್ರಿಕೆಯ ಬಾಯಿಗೆ ಬೀಗ: ಧರ್ಮ ಉಳಿಯಿತೇ, ಅಧಿಕಾರ ಉಳಿಯಿತೇ?

ಪ್ರತಿ ವರ್ಷ ಜುಲೈ 1 ಬಂತೆಂದರೆ ಕನ್ನಡ ಪತ್ರಿಕಾ ದಿನಾಚರಣೆಯ ಸಂಭ್ರಮ. 1843ರ ಅದೇ ದಿನ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆ ಬೆಳಕು ಕಂಡಿತು. ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿ, ಇಲ್ಲಿಯೇ ಬೇರು ಬಿಟ್ಟ ತುಳು-ಕನ್ನಡಿಗರಿಗೆ ಇದು ಅಭಿಮಾನದ ಸಂಗತಿಯೇ ಸರಿ. ಆದರೆ ಆ ಪತ್ರಿಕೆಯನ್ನು ಹೊರತಂದದ್ದು ಸರಕಾರವಲ್ಲ, ವ್ಯಾಪಾರಿಯೂ ಅಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಸಂಸ್ಥೆಯ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಕಲ್ಲಚ್ಚಿನಲ್ಲಿ ಮುದ್ರಣಗೊಳ್ಳುತ್ತಿದ್ದ ಆ ಪಾಕ್ಷಿಕದಲ್ಲಿ ಧರ್ಮದ ಮಾತಿನ ಜೊತೆಗೆ ಊರಿನ ಸುದ್ದಿಯೂ ಸರಕಾರದ ಕಾನೂನಿನ ಸುದ್ದಿಯೂ ಇರುತ್ತಿದ್ದವು. ಧರ್ಮಕ್ಕೂ ಪತ್ರಿಕೆಗೂ ಹುಟ್ಟು ಹಗೆತನವೇನೂ ಇಲ್ಲ ಎಂಬುದಕ್ಕೆ ಕನ್ನಡಿಗರಿಗೆ ಬೇರೆ ಸಾಕ್ಷಿ ಬೇಡ.

ಹಾಗಿದ್ದರೂ ಧರ್ಮಸಂಸ್ಥೆಗಳು ನಡೆಸುವ ಶಾಲೆ-ಕಾಲೇಜುಗಳಲ್ಲಿ ಮಕ್ಕಳೇ ಪತ್ರಿಕೆ ಹೊರತರಲು ಮುಂದಾದಾಗ ಆಡಳಿತದವರ ಕೈ ಕೆಂಪು ಶಾಯಿಯ ಪೆನ್ನಿನತ್ತ ಹೋಗುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಎಂಬ ಊರಿನ ಒಂದು ವಿಶ್ವವಿದ್ಯಾಲಯದ ಕಥೆಯನ್ನು ಗಮನಿಸಬೇಕು. ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳುಹಿಸುವ ಕುಟುಂಬಗಳು ಇಂದು ಮುಂಬಯಿ ಕನ್ನಡಿಗರಲ್ಲಿ ಬೇಕಾದಷ್ಟಿವೆ. ಇಲ್ಲಿಯೇ ಮಠ-ಮಿಷನ್‌ಗಳ ವಿದ್ಯಾಸಂಸ್ಥೆಗಳಿಗೆ ಮಕ್ಕಳನ್ನು ಸೇರಿಸುವವರಂತೂ ಮನೆಮನೆಯಲ್ಲಿದ್ದಾರೆ. ಆದ್ದರಿಂದ ಆ ಕಥೆ ದೂರದ್ದಾದರೂ ಅದರ ಪಾಠ ಹತ್ತಿರದ್ದು.

ಹೆಸರು 'ಸ್ವಾತಂತ್ರ್ಯ', ಪತ್ರಿಕೆಗೆ ಬೀಗ

ಪ್ರಸಿದ್ಧ ಧರ್ಮಬೋಧಕ ಜೆರ್ರಿ ಫಾಲ್ವೆಲ್ ಅವರು 1971ರಲ್ಲಿ ಲಿಂಚ್‌ಬರ್ಗ್‌ನಲ್ಲಿ ಸ್ಥಾಪಿಸಿದ ಸಣ್ಣ ಬ್ಯಾಪ್ಟಿಸ್ಟ್ ಕಾಲೇಜು ಮುಂದೆ ಲಿಬರ್ಟಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಲಿಬರ್ಟಿ ಎಂದರೆ ಸ್ವಾತಂತ್ರ್ಯ. ಕ್ಯಾಂಪಸ್ಸಿನಲ್ಲಿ ಸುಮಾರು 15 ಸಾವಿರ, ಆನ್‌ಲೈನ್ ಮೂಲಕ 1 ಲಕ್ಷಕ್ಕೂ ಮಿಕ್ಕಿ ವಿದ್ಯಾರ್ಥಿಗಳಿರುವ ಇದು ಅಮೆರಿಕದ ಅತಿ ದೊಡ್ಡ ಕ್ರೈಸ್ತ ವಿಶ್ವವಿದ್ಯಾಲಯಗಳಲ್ಲಿ ಒಂದು. ಸ್ಥಾಪಕರು 2007ರಲ್ಲಿ ತೀರಿಕೊಂಡ ಬಳಿಕ ಪುತ್ರ ಜೆರ್ರಿ ಫಾಲ್ವೆಲ್ ಜೂನಿಯರ್ ಅಧ್ಯಕ್ಷಗಾದಿಗೆ ಬಂದರು. ಅಲ್ಲಿನ ವಿದ್ಯಾರ್ಥಿಗಳ ಪತ್ರಿಕೆಯ ಹೆಸರು 'ಲಿಬರ್ಟಿ ಚಾಂಪಿಯನ್'.

2016ರಲ್ಲಿ ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ. ವಿಶ್ವವಿದ್ಯಾಲಯದ ಅಧ್ಯಕ್ಷ ಫಾಲ್ವೆಲ್ ಜೂನಿಯರ್ ಆ ವರ್ಷದ ಜನವರಿಯಲ್ಲಿಯೇ ಡೊನಾಲ್ಡ್ ಟ್ರಂಪ್ ಅವರಿಗೆ ಬಹಿರಂಗ ಬೆಂಬಲ ಸಾರಿದ್ದರು. ಅಕ್ಟೋಬರ್‌ನಲ್ಲಿ ಹಳೆಯ ಧ್ವನಿಮುದ್ರಿಕೆಯೊಂದು ಹೊರಬಂತು. ಅದರಲ್ಲಿ ಟ್ರಂಪ್ ಅವರು ಹೆಂಗಸರ ಬಗ್ಗೆ ಆಡಿದ ಕೀಳು ಮಾತುಗಳು ದೇಶವನ್ನೇ ತಲ್ಲಣಗೊಳಿಸಿದವು. ಅದು ಆಟಗಾರರ ಕೋಣೆಯ ಹುಡುಗಾಟದ ಮಾತಷ್ಟೇ ಎಂದು ಟ್ರಂಪ್ ಸಮಜಾಯಿಷಿ ಕೊಟ್ಟರು. 'ಚಾಂಪಿಯನ್'ನ ಕ್ರೀಡಾ ಸಂಪಾದಕನಾಗಿದ್ದ ವಿದ್ಯಾರ್ಥಿಯೊಬ್ಬ ಇದನ್ನು ಒಪ್ಪಲಿಲ್ಲ. ಇಂತಹ ಮಾತನ್ನು ಹುಡುಗಾಟವೆಂದು ಕರೆಯುವುದು ಸರಿಯಲ್ಲ ಎಂದು ಅಂಕಣ ಬರೆದ. ಅಂಕಣ ಅಚ್ಚಿಗೆ ಹೋಗುವ ಮುನ್ನವೇ ವಿಶ್ವವಿದ್ಯಾಲಯದ ಅಧ್ಯಕ್ಷರು ಅದನ್ನು ತೆಗೆಸಿದರು. ಅದೇ ವಿಷಯದ ಮೇಲೆ ಇನ್ನೊಂದು ಬರಹ ಇದ್ದುದರಿಂದ ಇದು ಹೆಚ್ಚಾಯಿತು ಎಂಬುದು ಅವರು ಕೊಟ್ಟ ಕಾರಣ. ವಿದ್ಯಾರ್ಥಿ ಸುಮ್ಮನಾಗಲಿಲ್ಲ. ಬರಹವನ್ನು ಫೇಸ್‌ಬುಕ್‌ನಲ್ಲಿ ಹಾಕಿದ. ಕ್ಯಾಂಪಸ್ಸಿನ ಒಳಗೆ ಮಾತ್ರ ಓದಬಹುದಾಗಿದ್ದ ಅಂಕಣದ ಸುದ್ದಿ ಇಡೀ ದೇಶಕ್ಕೆ ಹಬ್ಬಿತು.

ಎರಡನೆಯ ಪ್ರಸಂಗ 2018ರ ಏಪ್ರಿಲ್‌ನದು. ಫಾಲ್ವೆಲ್ ಜೂನಿಯರ್ ಅವರ ರಾಜಕೀಯವನ್ನು ಒಪ್ಪದ ಕೆಲವು ಕ್ರೈಸ್ತ ಬೋಧಕರು ಲಿಂಚ್‌ಬರ್ಗ್‌ನಲ್ಲಿ ಧಾರ್ಮಿಕ ಸಮಾವೇಶವೊಂದನ್ನು ಏರ್ಪಡಿಸಿದರು. ಅವರಲ್ಲಿ ಒಬ್ಬರಾದ ಶೇನ್ ಕ್ಲೇಬೋರ್ನ್, ಕ್ಯಾಂಪಸ್ಸಿಗೆ ಬಂದು ವಿದ್ಯಾರ್ಥಿಗಳೊಂದಿಗೆ ಪ್ರಾರ್ಥನೆ ಮಾಡುವ ಇಚ್ಛೆ ವ್ಯಕ್ತಪಡಿಸಿದರು. ಉತ್ತರ ಬಂದದ್ದು ವಿಶ್ವವಿದ್ಯಾಲಯದ ಪೊಲೀಸ್ ವಿಭಾಗದಿಂದ. ಕಾಲಿಟ್ಟರೆ ಬಂಧನ, 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ ಎಂಬ ಎಚ್ಚರಿಕೆ. ಪ್ರಾರ್ಥನೆಗೆ ಬಂದವರಿಗೆ ಪೊಲೀಸರ ಪತ್ರ! ಇಂತಹ ಸುದ್ದಿಯನ್ನು ಯಾವ ಪತ್ರಿಕೆ ಬಿಟ್ಟೀತು? 'ಚಾಂಪಿಯನ್'ನ ವಿದ್ಯಾರ್ಥಿಗಳೂ ಬರೆಯಲು ಸಿದ್ಧರಾದರು. ಆದರೆ ಸಮಾವೇಶದ ಬಗ್ಗೆ ಒಂದಕ್ಷರವೂ ಬರಕೂಡದು ಎಂಬ ಆದೇಶ ಅಧ್ಯಕ್ಷರಿಂದಲೇ ಬಂತು.

ಮುಂದೆ ನಡೆದದ್ದು ಇನ್ನೂ ಕಠೋರ. ಮುಂದಿನ ಸಾಲಿಗೆ ಸಂಪಾದಕನೆಂದು ಗೊತ್ತಾಗಿದ್ದ ವಿದ್ಯಾರ್ಥಿ ಹಾಗೂ ಅವನ ಸಹಾಯಕ ಸಂಪಾದಕಿ, ಇಬ್ಬರೂ 'ಪುನರ್ರಚನೆ'ಯ ಹೆಸರಿನಲ್ಲಿ ಸ್ಥಾನ ಕಳೆದುಕೊಂಡರು. ಸಂಸ್ಥೆಯ ಹೆಸರನ್ನೂ ವರ್ಚಸ್ಸನ್ನೂ ಇದ್ದಂತೆಯೇ ಕಾಪಾಡುವುದು ನಿಮ್ಮ ಕೆಲಸ ಎಂದು ವಿಭಾಗದ ಮುಖ್ಯಸ್ಥರು ವಿದ್ಯಾರ್ಥಿಗಳಿಗೆ ನೇರವಾಗಿ ಹೇಳಿದರು. ಪತ್ರಿಕೆಯ ಒಳಗಿನ ತೀರ್ಮಾನಗಳನ್ನು ಹೊರಗೆ ಹೇಳುವುದಿಲ್ಲವೆಂದು ಬರೆದುಕೊಡುವ ಕರಾರು ಪತ್ರಕ್ಕೆ ಸಹಿ ಹಾಕುವ ನಿಯಮವೂ ಬಂತು. ಹೊಸದಾಗಿ ಬಂದ ಸಂಪಾದಕ ಕೂಡ ಒಂದೇ ಅವಧಿಯಲ್ಲಿ ಬೇಸತ್ತು 2018ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟ. 2019ರ ಜುಲೈಯಲ್ಲಿ ಆತ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದು ಎಲ್ಲವನ್ನೂ ಬಿಚ್ಚಿಟ್ಟ. ಪ್ರತಿಯೊಂದು ಬರಹವೂ ಅಧ್ಯಕ್ಷರ ಕಚೇರಿಯ ಪರಿಶೀಲನೆಗೆ ಹೋಗಬೇಕಿತ್ತು, ಸುದ್ದಿಯಲ್ಲಿ ಹೆಸರು ಬಂದ ಅಧಿಕಾರಿಗೆ ಆ ಸುದ್ದಿಯನ್ನೇ ತಿದ್ದುವ ಹಕ್ಕಿತ್ತು ಎಂಬುದು ಅವನ ದೂರು. ಪರೀಕ್ಷೆ ಬರೆದವನ ಕೈಗೇ ಉತ್ತರ ಪತ್ರಿಕೆಯನ್ನು ತಿದ್ದಲು ಕೊಟ್ಟಂತಾಯಿತು!

ಕಾನೂನು ಯಾರ ಕಡೆ?

ವಾಕ್ ಸ್ವಾತಂತ್ರ್ಯಕ್ಕೆ ಹೆಸರಾದ ದೇಶದಲ್ಲಿ ಹೀಗೇಕೆ ಎಂದು ಓದುಗರಿಗೆ ಅನಿಸುವುದು ಸಹಜ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರಕಾರದ ಕೈಯನ್ನು, ಖಾಸಗಿ ಸಂಸ್ಥೆಯ ಕೈಯನ್ನಲ್ಲ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ ಮಕ್ಕಳ ಪರವಾಗಿ ಅಲ್ಲಿನ ಸುಪ್ರೀಂ ಕೋರ್ಟ್ 1969ರಲ್ಲಿ ತೀರ್ಪಿತ್ತಿತು. ಶಾಲೆಯ ಬಾಗಿಲು ದಾಟಿದ ಮಾತ್ರಕ್ಕೆ ವಿದ್ಯಾರ್ಥಿಯ ಹಕ್ಕು ಹೋಗುವುದಿಲ್ಲ ಎಂದಿತು. ಆದರೆ 1988ರ ಜನವರಿಯಲ್ಲಿ ಹೇಝಲ್‌ವುಡ್ ಪ್ರಕರಣದಲ್ಲಿ ಅದೇ ಕೋರ್ಟು ಬೇರೆಯೇ ದಾರಿ ಹಿಡಿಯಿತು. ಹದಿಹರೆಯದ ಹುಡುಗಿಯರ ಗರ್ಭಧಾರಣೆ ಹಾಗೂ ತಂದೆ-ತಾಯಿಯ ವಿಚ್ಛೇದನದ ಕುರಿತ ಬರಹಗಳಿದ್ದ ಎರಡು ಪುಟಗಳನ್ನು ಶಾಲಾ ಪತ್ರಿಕೆಯಿಂದ ಪ್ರಾಂಶುಪಾಲರು ಕಿತ್ತುಹಾಕಿದ್ದು ಸರಿ ಎಂದಿತು. ಇವೆರಡೂ ಸರಕಾರಿ ಶಾಲೆಗಳ ಮಾತು. ಖಾಸಗಿ ಧಾರ್ಮಿಕ ಸಂಸ್ಥೆಗೆ ಇಷ್ಟರ ಅಂಕುಶವೂ ಇಲ್ಲ. ಖಾಸಗಿ ಕಾಲೇಜಿನ ವಿದ್ಯಾರ್ಥಿಗೂ ವಾಕ್ ಸ್ವಾತಂತ್ರ್ಯ ಕೊಡಲು 1992ರಲ್ಲಿ ಕಾನೂನು ಮಾಡಿದ ಕ್ಯಾಲಿಫೋರ್ನಿಯಾ ರಾಜ್ಯ ಕೂಡ ಧಾರ್ಮಿಕ ಸಂಸ್ಥೆಗಳ ತತ್ವಕ್ಕೆ ಧಕ್ಕೆಯಾಗುವಲ್ಲಿ ವಿನಾಯಿತಿ ಇಟ್ಟಿದೆ.

ಅದೇ 1988ರ ಫೆಬ್ರವರಿಯಲ್ಲಿ ಇನ್ನೊಂದು ತೀರ್ಪು ಬಂದಿತ್ತು. ತನ್ನನ್ನು ಅಶ್ಲೀಲವಾಗಿ ಅಣಕಿಸಿದ ಪತ್ರಿಕೆಯೊಂದರ ಮೇಲೆ ದಾವೆ ಹೂಡಿದ್ದವರು ಬೇರಾರೂ ಅಲ್ಲ, ಲಿಬರ್ಟಿಯ ಸ್ಥಾಪಕ ಫಾಲ್ವೆಲ್ ಅವರೇ. ಸಾರ್ವಜನಿಕ ವ್ಯಕ್ತಿಗಳು ಟೀಕೆ, ಅಣಕಗಳನ್ನು ಸಹಿಸಿಕೊಳ್ಳಲೇಬೇಕು ಎಂದು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿ ಅವರ ವಿರುದ್ಧ ತೀರ್ಪಿತ್ತರು. ಹೊರಗಿನ ಪತ್ರಿಕೆಯ ಅಶ್ಲೀಲ ಅಣಕವನ್ನೂ ತಡೆಯಲು ತಂದೆಗೆ ಆಗಲಿಲ್ಲ. ಒಳಗಿನ ಪತ್ರಿಕೆಯ ಸಭ್ಯ ಅಂಕಣವನ್ನು ತಡೆಯಲು ಮಗನಿಗೆ ಕ್ಷಣ ಸಾಕಾಯಿತು.

ಆದ್ದರಿಂದ ಲಿಬರ್ಟಿಯ ಆಡಳಿತ ಕಾನೂನು ಮುರಿದು ಪತ್ರಿಕೆಗೆ ಕತ್ತರಿ ಹಾಕಿತು ಎಂದರೆ ತಪ್ಪಾದೀತು. ಪತ್ರಿಕೆಯ ಖರ್ಚು ಸಂಸ್ಥೆಯದು, ಸಂಪಾದಕ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡುವುದೂ ಸಂಸ್ಥೆಯೇ. ಹಣ ಹಾಕಿದ ಮಾಲಕನಿಗೆ ಏನು ಅಚ್ಚಾಗಬೇಕೆಂದು ಹೇಳುವ ಹಕ್ಕಿಲ್ಲವೇ ಎಂಬ ವಾದವನ್ನು ಹಾಗೆಯೇ ತಳ್ಳಿಹಾಕಲಾಗದು. ಧರ್ಮದ ಆಧಾರದಲ್ಲಿ ನಿಂತ ಶಾಲೆ ತನ್ನ ಧರ್ಮವನ್ನು ಕಾಯ್ದುಕೊಳ್ಳುವುದು ಅಪರಾಧವೂ ಅಲ್ಲ. ಮಠದ ಅಂಗಳದಲ್ಲಿ ನಿಂತು ಮಠವನ್ನೇ ನಿಂದಿಸುವ ಬರಹಕ್ಕೆ ಮಠವೇ ಕಾಗದ ಕೊಡಬೇಕೆಂದು ಯಾರೂ ಹೇಳಲಾರರು.

ಕಿತ್ತದ್ದು ಧರ್ಮವಿರೋಧವನ್ನೇ?

ಪ್ರಶ್ನೆ ಇರುವುದು ಇಲ್ಲಿಯೇ. ಲಿಬರ್ಟಿಯಲ್ಲಿ ಕಿತ್ತುಹಾಕಿದ ಬರಹಗಳಲ್ಲಿ ಧರ್ಮಕ್ಕೆ ವಿರುದ್ಧವಾದದ್ದು ಏನಿತ್ತು? ಹೆಂಗಸರ ಬಗ್ಗೆ ಕೀಳಾಗಿ ಮಾತಾಡಬಾರದು ಎಂದು ಬರೆದ ವಿದ್ಯಾರ್ಥಿ ಬೈಬಲ್ಲನ್ನು ಅಲ್ಲಗಳೆಯಲಿಲ್ಲ. ಅಂತಹ ಸಂಸ್ಥೆಯಲ್ಲಿ ಕಲಿತವನು ಬರೆಯಲೇಬೇಕಾದ ಮಾತನ್ನೇ ಬರೆದ. ಸಮಾವೇಶಕ್ಕೆ ಬಂದವರೂ ನಾಸ್ತಿಕರಲ್ಲ, ಅದೇ ದೇವರಿಗೆ ಕೈಮುಗಿಯುವ ಬೋಧಕರು. ಆ ಬರಹಗಳಿಂದ ಪೆಟ್ಟು ಬೀಳುತ್ತಿದ್ದುದು ಅಧ್ಯಕ್ಷರ ರಾಜಕೀಯ ನಿಲುವಿಗೆ, ಅವರ ಪ್ರತಿಷ್ಠೆಗೆ. ಬೀಗ ಹಾಕಿದ್ದು ಧರ್ಮಸಂಸ್ಥೆಗೆ ಇರುವ ಹಕ್ಕಿನ ಬಲದಲ್ಲಿ. ಕಾಪಾಡಿದ್ದು ಕುರ್ಚಿಯನ್ನು.

ನಿಜಕ್ಕೂ ಧರ್ಮದ ಪ್ರಶ್ನೆಯೇ ಎದುರಾದ ಪ್ರಕರಣವೂ ಇದೆ. ನ್ಯೂಯಾರ್ಕ್‌ನ ಯೆಶಿವಾ ವಿಶ್ವವಿದ್ಯಾಲಯ ಸಾಂಪ್ರದಾಯಿಕ ಯಹೂದಿಗಳ ಸಂಸ್ಥೆ. ಅಲ್ಲಿನ ವಿದ್ಯಾರ್ಥಿಗಳ 'ಬೀಕನ್' ಎಂಬ ಆನ್‌ಲೈನ್ ಪತ್ರಿಕೆ 2011ರ ಡಿಸೆಂಬರ್‌ನಲ್ಲಿ ಹೆಸರು ಹೇಳದ ಬರಹವೊಂದನ್ನು ಪ್ರಕಟಿಸಿತು. ಸಂಪ್ರದಾಯಸ್ಥ ಮನೆತನದ ಹುಡುಗಿಯೊಬ್ಬಳು ಮದುವೆಗೆ ಮುನ್ನ ಹೋಟೆಲ್ ಕೋಣೆಯಲ್ಲಿ ಕಳೆದ ರಾತ್ರಿ, ಆ ಬಳಿಕ ಅನುಭವಿಸಿದ ಸಂಕಟ ಅದರ ವಸ್ತು. ಭಾರೀ ಗದ್ದಲವಾಯಿತು. ಬರಹ ತೆಗೆಯಬೇಕೆಂಬ ಒತ್ತಡ ಬಂತು. ಕೊನೆಗೆ ಪತ್ರಿಕೆಯವರು ವಿಶ್ವವಿದ್ಯಾಲಯದ ಮಾನ್ಯತೆಯನ್ನೂ ಹಣವನ್ನೂ ಬಿಟ್ಟು ಸ್ವತಂತ್ರವಾಗಿ ಮುಂದುವರಿದರು. ಬರಹ ಉಳಿಯಿತು, ಸಂಸ್ಥೆ ತನ್ನ ನಂಬಿಕೆಯನ್ನು ಬಿಟ್ಟುಕೊಡಲಿಲ್ಲ. ನೋವಿನ ಅಗಲಿಕೆ ನಿಜ. ಆದರೆ ಎಲ್ಲವೂ ಎಲ್ಲರ ಕಣ್ಣೆದುರೇ ನಡೆಯಿತು. ಯಾರು ಯಾಕೆ ಬೇರೆಯಾದರು ಎಂಬುದು ವಿದ್ಯಾರ್ಥಿಗಳಿಗೂ ಹೆತ್ತವರಿಗೂ ತಿಳಿಯಿತು. ಬಾಯಿ ಬಿಡುವುದಿಲ್ಲವೆಂಬ ಕರಾರು ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದಕ್ಕೂ ಇದಕ್ಕೂ ಅಜಗಜಾಂತರವಿದೆ.

ಮೌನಕ್ಕೆ ತೆತ್ತ ಬೆಲೆ

ಮರ್ಯಾದೆ ಉಳಿಸಲೆಂದು ಪತ್ರಿಕೆಯ ಬಾಯಿ ಕಟ್ಟಿದ ಲಿಬರ್ಟಿಗೆ ಮರ್ಯಾದೆ ಉಳಿಯಿತೇ? 2020ರ ಆಗಸ್ಟ್‌ನಲ್ಲಿ ಫಾಲ್ವೆಲ್ ಜೂನಿಯರ್ ಅವರೇ ವೈಯಕ್ತಿಕ ನಡತೆಯ ವಿವಾದದಲ್ಲಿ ಸಿಲುಕಿ ರಾಜೀನಾಮೆ ಕೊಡಬೇಕಾಯಿತು. 2021ರ ಜುಲೈಯಲ್ಲಿ 12 ಮಂದಿ ಮಹಿಳೆಯರು ವಿಶ್ವವಿದ್ಯಾಲಯದ ವಿರುದ್ಧ ಕೋರ್ಟಿನ ಮೆಟ್ಟಿಲೇರಿದರು. ಲೈಂಗಿಕ ದೌರ್ಜನ್ಯದ ದೂರು ಕೊಡಲು ಹೋದ ಹುಡುಗಿಯರಿಗೆ, ಮದ್ಯ ಸೇವಿಸಿದ್ದೆಯಾ, ಹುಡುಗನ ಜೊತೆ ಏಕಾಂತದಲ್ಲಿದ್ದೆಯಾ ಎಂದು ಸಂಸ್ಥೆಯ ಶಿಸ್ತಿನ ನಿಯಮಾವಳಿಯನ್ನೇ ತೋರಿಸಿ ಬಾಯಿ ಮುಚ್ಚಿಸುವ ವಾತಾವರಣವಿತ್ತು ಎಂಬ ಆರೋಪಗಳು ಅದೇ ವರ್ಷ ಒಂದೊಂದಾಗಿ ಹೊರಬಂದವು.

2024ರ ಮಾರ್ಚ್‌ನಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಲಿಬರ್ಟಿಗೆ 1 ಕೋಟಿ 40 ಲಕ್ಷ ಡಾಲರ್ ದಂಡ ವಿಧಿಸಿತು. ಅಂದರೆ ನೂರು ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ! ಕ್ಯಾಂಪಸ್ಸಿನಲ್ಲಿ ನಡೆದ ಅಪರಾಧಗಳ ಲೆಕ್ಕವನ್ನು ಬಹಿರಂಗಪಡಿಸಬೇಕೆಂಬ 1990ರ ಕ್ಲೆರಿ ಕಾನೂನಿನ ಅಡಿಯಲ್ಲಿ ಅದುವರೆಗೆ ಯಾವ ಸಂಸ್ಥೆಯೂ ತೆತ್ತಿರದಷ್ಟು ದೊಡ್ಡ ದಂಡ. 2016ರಿಂದ 2023ರ ವರೆಗಿನ ಅವಧಿಯಲ್ಲಿ ಸಂಸ್ಥೆ ಅಪರಾಧಗಳ ಸರಿಯಾದ ಲೆಕ್ಕ ಕೊಟ್ಟಿಲ್ಲ, ದೌರ್ಜನ್ಯಕ್ಕೊಳಗಾದವರು ಶಿಕ್ಷೆಯ ಭಯದಿಂದ ದೂರು ಕೊಡಲು ಹೆದರುತ್ತಿದ್ದರು ಎಂದು ಇಲಾಖೆ ಕಂಡುಕೊಂಡಿತು. ಭದ್ರತೆಯ ಸುಧಾರಣೆಗೆ ಎರಡು ವರ್ಷಗಳಲ್ಲಿ ಇನ್ನೂ 20 ಲಕ್ಷ ಡಾಲರ್ ಖರ್ಚು ಮಾಡಲು ಸಂಸ್ಥೆ ಒಪ್ಪಿಕೊಂಡಿತು. ತನ್ನನ್ನು ಬೇರೆ ಸಂಸ್ಥೆಗಳಂತೆ ನಡೆಸಿಕೊಂಡಿಲ್ಲ ಎಂದು ದೂರಿಕೊಂಡರೂ ಲೋಪಗಳಿದ್ದುದನ್ನು ಲಿಬರ್ಟಿ ಒಪ್ಪಿತು.

ಪತ್ರಿಕೆಗೆ ಸ್ವಾತಂತ್ರ್ಯವಿದ್ದಿದ್ದರೆ ಇದೆಲ್ಲ ನಡೆಯುತ್ತಲೇ ಇರಲಿಲ್ಲ ಎಂದು ಎದೆ ತಟ್ಟಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಆದರೆ ಹಾಸ್ಟೆಲಿನಲ್ಲಿ ನೊಂದ ಹುಡುಗಿಯ ಮಾತು ಮೊದಲು ತಲುಪುವುದು ಪಕ್ಕದ ಕೋಣೆಯ ಗೆಳತಿಗೆ. ಆ ಗೆಳತಿ ಬರೆಯಬಲ್ಲ ಪತ್ರಿಕೆಯೊಂದು ಇದ್ದರೆ, ಅದರ ಪ್ರಶ್ನೆಗೆ ಆಡಳಿತ ಉತ್ತರಿಸುವ ಪರಿಪಾಠವಿದ್ದರೆ, ಮನೆಯೊಳಗಿನ ತಪ್ಪು ಮನೆಯೊಳಗೇ ತಿದ್ದಿಕೊಳ್ಳುವ ಅವಕಾಶವಾದರೂ ಇರುತ್ತಿತ್ತು. ಅಧ್ಯಕ್ಷರ ಅನುಮತಿಯಿಲ್ಲದೆ ಒಂದು ಸಮಾವೇಶದ ಸುದ್ದಿಯನ್ನೇ ಬರೆಯಲಾಗದ ಪತ್ರಿಕೆ ಹಾಸ್ಟೆಲಿನ ಸುದ್ದಿ ಬರೆದೀತೇ? ಉಗುರಿನಲ್ಲಿ ಹೋಗಬಹುದಾಗಿದ್ದುದಕ್ಕೆ ಕೊಡಲಿ ಬೇಕಾಯಿತು. ಮುಖದ ಮಸಿ ಒರೆಸುವ ಬದಲು ಕನ್ನಡಿ ಒಡೆದವರ ಪಾಡು ಇದು.

ಮುಂಬಯಿ ಕನ್ನಡಿಗರಿಗೂ ಪಾಠ

ಭಾರತದಲ್ಲಿಯೂ ಸಂವಿಧಾನದ 19ನೆಯ ವಿಧಿ ವಾಕ್ ಸ್ವಾತಂತ್ರ್ಯವನ್ನು ಕೊಟ್ಟಿರುವುದು ಮುಖ್ಯವಾಗಿ ಸರಕಾರದ ಎದುರಿಗೆ. 30ನೆಯ ವಿಧಿ ಅಲ್ಪಸಂಖ್ಯಾಕರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಈ ಹಕ್ಕು ಅಮೂಲ್ಯವಾದದ್ದು, ಪ್ರಶ್ನೆಯೇ ಇಲ್ಲ. ಕರಾವಳಿಯಲ್ಲಿಯೂ ಮುಂಬಯಿಯಲ್ಲಿಯೂ ಮಿಷನರಿ ಶಾಲೆಗಳಿಲ್ಲದಿದ್ದರೆ ಎಷ್ಟು ಬಡ ಕುಟುಂಬಗಳ ಮಕ್ಕಳು ಅಕ್ಷರ ಕಾಣುತ್ತಿದ್ದರು? ಆದರೆ ನಡೆಸುವ ಹಕ್ಕೆಂದರೆ ಕೆಟ್ಟದಾಗಿ ನಡೆಸುವ ಹಕ್ಕಲ್ಲ ಎಂಬ ಮಾತನ್ನು ಸುಪ್ರೀಂ ಕೋರ್ಟ್ 1974ರ ಅಹಮದಾಬಾದ್ ಸೈಂಟ್ ಝೇವಿಯರ್ಸ್ ಕಾಲೇಜಿನ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಮಿಷನ್ ಇರಲಿ, ಮಠ ಇರಲಿ, ಮದ್ರಸಾ ಇರಲಿ, ಜಾತೀಯ ಸಂಘ ನಡೆಸುವ ಶಾಲೆಯೇ ಇರಲಿ, ಈ ಮಾತಿನ ಧರ್ಮಸೂಕ್ಷ್ಮ ಎಲ್ಲರಿಗೂ ಒಂದೇ.

ಇಲ್ಲಿನ ಬಹುತೇಕ ವಿದ್ಯಾಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಪತ್ರಿಕೆ ಎಂದರೆ ವರ್ಷಕ್ಕೊಮ್ಮೆ ಬರುವ ಸಂಚಿಕೆ. ಮೊದಲ ಪುಟಗಳಲ್ಲಿ ಗುರುಗಳ ಆಶೀರ್ವಚನ, ಮಂತ್ರಿಗಳ ಶುಭ ಸಂದೇಶ, ಅಧ್ಯಕ್ಷರ ಭಾವಚಿತ್ರ, ಆಮೇಲೆ ಜಾಹೀರಾತು. ನಡುವೆ ಉಳಿದ ಜಾಗದಲ್ಲಿ ತಾಯಿಯ ಪ್ರೀತಿ, ಪರಿಸರ ಸಂರಕ್ಷಣೆ, ಸಮಯದ ಮಹತ್ವ. ಇಲ್ಲಿ ಯಾರೂ ಕತ್ತರಿ ಹಾಕಬೇಕಾದ ಅಗತ್ಯವೇ ಬೀಳುವುದಿಲ್ಲ. ಏನನ್ನು ಬರೆಯಬಾರದೆಂದು ಮಕ್ಕಳಿಗೆ ಮೊದಲೇ ಗೊತ್ತು. ಕ್ಯಾಂಟೀನಿನ ಊಟ, ಶೌಚಾಲಯದ ನೀರು, ಏರಿದ ಫೀಸು, ತರಗತಿಗೆ ಬಾರದ ಅಧ್ಯಾಪಕ, ಇವುಗಳ ಬಗ್ಗೆ ಮಕ್ಕಳು ಮಾತಾಡದ ದಿನವಿಲ್ಲ. ಸಂಚಿಕೆಯಲ್ಲಿ ಮಾತ್ರ ಒಂದು ಸಾಲೂ ಕಾಣದು. ಹೀಗೆ ಹೆದರಿ ಬೆಳೆದ ಮಕ್ಕಳೇ ನಾಳೆ ಸಂಘ-ಸಂಸ್ಥೆಗಳ ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಪ್ರಶ್ನೆ ಕೇಳದೆ ಚಪ್ಪಾಳೆ ತಟ್ಟುವ ಸದಸ್ಯರಾಗುತ್ತಾರೆ ಎಂಬುದನ್ನು ಸಮಾಜದ ಹಿರಿಯರು ಮರೆಯಬಾರದು.

ಪರಿಹಾರ ಕಷ್ಟದ್ದೇನೂ ಅಲ್ಲ. ಯಾವ ಬರಹ ಸಲ್ಲದು ಎಂಬುದನ್ನು ಧಾರ್ಮಿಕ ವಿದ್ಯಾಸಂಸ್ಥೆ ವರ್ಷದ ಆರಂಭದಲ್ಲಿಯೇ ಬರೆದು ಪ್ರಕಟಿಸಲಿ. ಸುಳ್ಳು, ಮಾನಹಾನಿ, ಪರಧರ್ಮ ನಿಂದನೆ, ನೊಂದವರ ಗುರುತು ಬಯಲು ಮಾಡುವುದು ಆ ಪಟ್ಟಿಯಲ್ಲಿರಲಿ. ಸಂಸ್ಥೆಯ ಮೂಲ ನಂಬಿಕೆಗೆ ಸಂಬಂಧಿಸಿದ ಮಿತಿಯೂ ಇರಲಿ, ಆದರೆ ಸ್ಪಷ್ಟವಾಗಿರಲಿ. ಆಡಳಿತದ ಟೀಕೆ ಮಾತ್ರ ಆ ಪಟ್ಟಿಗೆ ಸೇರದಿರಲಿ. ಅನುಭವಿ ಅಧ್ಯಾಪಕರೊಬ್ಬರು ಸಲಹೆಗಾರರಾಗಿ ಮಕ್ಕಳಿಗೆ ಸತ್ಯಾಂಶ ಪರಿಶೀಲಿಸುವುದನ್ನು, ಇನ್ನೊಂದು ಕಡೆಯವರ ಮಾತನ್ನು ಕೇಳಿ ಬರೆಯುವುದನ್ನು ಕಲಿಸಲಿ. ಸುದ್ದಿಯಲ್ಲಿ ಬಂದ ಅಧಿಕಾರಿಗೆ ತಿದ್ದುವ ಹಕ್ಕು ಬೇಡ, ಉತ್ತರ ಬರೆಯುವ ಹಕ್ಕು ಕೊಡಲಿ. ಏನನ್ನಾದರೂ ತೆಗೆಯಲೇಬೇಕಾದರೆ ಅದಕ್ಕೆ ಲಿಖಿತ ಕಾರಣ ಕೊಡಲಿ. ಕಾರಣ ಬರೆದುಕೊಡಲು ನಾಚಿಕೆಯಾಗುವ ಕಡೆ ಕತ್ತರಿ ಹಾಕಲು ಕೈ ಹೋಗದು.

ಹೆತ್ತವರಿಗೂ ಇಲ್ಲಿ ಪಾತ್ರವಿದೆ. ಜೂನ್ ಬಂತೆಂದರೆ ಪ್ರವೇಶಕ್ಕಾಗಿ ಸಾಲು ನಿಲ್ಲುವವರು ಫಲಿತಾಂಶ ಕೇಳುತ್ತಾರೆ, ಫೀಸು ಕೇಳುತ್ತಾರೆ, ಹಾಸ್ಟೆಲ್ ನೋಡುತ್ತಾರೆ, ಶಿಸ್ತು ಹೇಗೆಂದು ವಿಚಾರಿಸುತ್ತಾರೆ. ಅದರೊಂದಿಗೆ ಕಳೆದ ನಾಲ್ಕೈದು ವರ್ಷಗಳ ವಿದ್ಯಾರ್ಥಿ ಸಂಚಿಕೆಗಳನ್ನೂ ಕೇಳಿ ಪಡೆದು ತಿರುವಿ ಹಾಕಿದರೆ ಒಳಿತು. ಅದರಲ್ಲಿ ಆಡಳಿತಕ್ಕೆ ಇರಿಸುಮುರಿಸಾಗುವ ಒಂದೇ ಒಂದು ಬರಹ, ಅದರ ಕೆಳಗೆ ಆಡಳಿತದ ಒಂದು ಉತ್ತರ ಕಂಡರೆ ಆ ಸಂಸ್ಥೆಯಲ್ಲಿ ಮಗಳನ್ನು ನಿಶ್ಚಿಂತೆಯಿಂದ ಬಿಡಬಹುದು. ಹೊಗಳಿಕೆಯ ಹೊರತು ಬೇರೇನೂ ಇಲ್ಲದಿದ್ದರೆ, ಅಲ್ಲಿ ಮಗಳಿಗೆ ನೋವಾದ ದಿನ ಅವಳ ಮಾತನ್ನು ಕೇಳುವವರು ಯಾರೆಂದು ಹೆತ್ತವರು ಪ್ರವೇಶದ ದಿನವೇ ಪ್ರಾಂಶುಪಾಲರಲ್ಲಿ ಕೇಳಿಬಿಡಬೇಕು.